ದಿಲ್ಲಿ ವಿಮಾನ ನಿಲ್ದಾಣ ಯಾರದು?

ಮಾಸ್ತರಿಕೆ ಒಂದು ಚಟ. ಸಂಜೆ ಶಾಲೆಗೆ ಬೀಗ ಬಿದ್ದರೂ ಬಾಯಿಗೆ ಬೀಳುವುದಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಹೇಳುತ್ತಿದ್ದೇನೆ. ಯಾರು ಏನು ಕೇಳಿದರೂ ಉತ್ತರ ಕೊಟ್ಟೇ ಕಳಿಸುವವನು ನಾನು. ಅವುಗಳಲ್ಲಿ ಕೆಲವು ಸರಿಯೂ ಇರುತ್ತವೆ.

ಗಬ್ಬೂರಿನ ನನ್ನ ಸೋದರತ್ತೆ ಶಿವಮ್ಮ ಹಳೆಯ ಜೋಳದ ಬೀಜಗಳನ್ನು ಜೋಪಾನ ಮಾಡಿಕೊಂಡು ಬಂದವಳು. ದಿಲ್ಲಿಯ ಬೀಜ ಮೇಳದವರು ಅವಳನ್ನು ಕರೆಸಿ ಶಾಲು ಹೊದಿಸಿದರು. ಹೋಗುವಾಗ ರಾಯಚೂರಿನಿಂದ ರೈಲು, ಬರುವಾಗ ಹೈದರಾಬಾದಿನವರೆಗೆ ವಿಮಾನ. ಹಿಂದಿ ಬಲ್ಲವನೆಂದು ಜೊತೆಗೆ ನಾನು.

ವಿಮಾನ ನಿಲ್ದಾಣದೊಳಗೆ ತಪಾಸಣೆಯೆಲ್ಲ ಮುಗಿಸಿ ಬಂದಮೇಲೆ ಅತ್ತೆಗೆ ಹಸಿವಾಯಿತು. ಕುರ್ಚಿ ಬಿಟ್ಟು ನೆಲದ ಮೇಲೆ ಕುಂತಳು, ಆದರೆ ಬುತ್ತಿಯ ಗಂಟು ಬಿಚ್ಚಲೊಲ್ಲಳು.

"ಇದು ಯಾರ ಜಾಗ ಅದ? ಕೇಳಲಾರದ ಹೆಂಗ ಉಣ್ಣಾದು?"

"ಸರ್ಕಾರದ್ದು ಅತ್ತಿ. ಅಂದ್ರ ನಮ್ದೇ."

"ನಮ್ದಾದ್ರ ಒಳಗ ಬಿಡಾಕ ಚೀಟಿ ಯಾಕ ಕೇಳಿದ್ರು?"

ನಾನು ಗಂಟಲು ಸರಿಪಡಿಸಿಕೊಂಡು, ಭೂಮಿ ಸರ್ಕಾರದ್ದು, ನಡೆಸುವುದು ಕಂಪನಿ, ಆ ಕಂಪನಿಯಲ್ಲೂ ಸರ್ಕಾರದ್ದೊಂದು ಪಾಲು, ಉಳಿದ ಪಾಲು ಖಾಸಗಿಯವರದು ಎಂದು ಕಪ್ಪುಹಲಗೆ ಇಲ್ಲದೆಯೇ ಪಾಠ ಶುರುಮಾಡಿದೆ. ಅತ್ತೆ ಆಕಳಿಸಿದಳು. ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸನ್ನು ನಮ್ಮ ಸಂತೆಯ ಉರ್ದುವಿನಲ್ಲಿ ಕರೆದು ಕೇಳಿಯೇಬಿಟ್ಟಳು. ಆಕೆ ನಕ್ಕು, ಜಾಗ ಸರ್ಕಾರದ್ದು, ಇಷ್ಟು ವರ್ಷ ಅಂತ ಕಂಪನಿ ಹಿಡಿದಿದೆ, ನೀನು ಉಣ್ಣು ಅಮ್ಮಾ ಅಂದಳು.

ಅತ್ತೆ ನನ್ನ ಕಡೆ ತಿರುಗಿದಳು. "ಲಾವಣಿಗಿ ಹಾಕ್ಯಾರ ಅನ್ನು! ಹೊಲ ಒಬ್ಬರದು, ಬೆಳಿ ಇನ್ನೊಬ್ಬರದು. ಇಷ್ಟಕ್ಕ ಅರ್ಧಾ ತಾಸು ತಗೊಂಡಿ ನೋಡು."

ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ಹೊರಬಂದವು. ಇಬ್ಬರೂ ಹೆಂಗಸರು ಹಂಚಿಕೊಂಡು ತಿನ್ನತೊಡಗಿದರು. ನನಗೆ ಮಾತ್ರ ಸಮಾಧಾನವಿಲ್ಲ. ಅದು ಬರೇ ಗೇಣಿ-ಲಾವಣಿ ಅಲ್ಲವೆಂದು ತೋರಿಸಬೇಕಲ್ಲ! ಮೊಬೈಲು ತೆಗೆದು ಪಾಲುದಾರಿಕೆಯ ವಿವರ ಹುಡುಕುತ್ತ ಕುಳಿತೆ. ನಡುವೆ ಅತ್ತೆ "ಏಳು, ಗೇಟ್ ಬದಲಿ ಮಾಡ್ಯಾರಂತ, ಈಕಿ ಹೇಳಾಕತ್ಯಾಳ" ಎಂದಳು. "ಬಂದೆ ಅತ್ತಿ" ಎಂದೆ. ಮತ್ತೊಮ್ಮೆ ಭುಜ ಅಲುಗಿಸಿದಳು. ಮತ್ತೊಮ್ಮೆ "ಬಂದೆ" ಎಂದೆ.

ತಲೆ ಎತ್ತಿದಾಗ ಅತ್ತೆಯೂ ಇಲ್ಲ, ಆ ಹೆಂಗಸೂ ಇಲ್ಲ. ದಿಲ್ಲಿಯಲ್ಲಿ ಅತ್ತೆಯನ್ನು ಕಳಕೊಂಡು ಯಾವ ಮುಖ ಹೊತ್ತು ಗಬ್ಬೂರಿನ ಬಸ್ಸು ಇಳಿಯಲಿ? ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ನನ್ನದೇ ಹೆಸರು! ಬೋರ್ಡು ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಆ ತುದಿಯ ಗೇಟಿನಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. "ಮಾಸ್ತರ ಅದಾನವ್ವಾ, ಪಾಠ ಮುಗದ ಕೂಡ್ಲೆ ಬರ್ತಾನ, ಒಂದೀಟು ತಡಿ" ಎಂದು ಸಮವಸ್ತ್ರದ ಹುಡುಗಿಯನ್ನು ಉರ್ದುವಿನಲ್ಲಿ ಒಲಿಸುತ್ತಿದ್ದಳು. ಹುಡುಗಿ ನಗುತ್ತ ಗಡಿಯಾರ ನೋಡುತ್ತಿದ್ದಳು. ನಾನು ಒಳಹೊಕ್ಕಾಗ ಇಡೀ ವಿಮಾನವೇ ನನ್ನನ್ನು ನೋಡಿತು.

ವಿಮಾನ ಮೇಲೇರಿತು. ಕಿಟಕಿಯಾಚೆ ಕಣ್ಣಿಟ್ಟಿದ್ದ ಅತ್ತೆ ನನ್ನ ಕೈ ಹಿಡಿದಳು. "ಯಾಕಲೇ, ಸುಮ್ಮಗ ಕುಂತಿ? ಅಂಜಿಕಿ ಬಂತೇನು?"

"ಹೌದತ್ತಿ" ಎಂದುಬಿಟ್ಟೆ. ಕಳೆದುಹೋಗಿದ್ದು ಅತ್ತೆಯಲ್ಲ, ನಾನು ಎಂಬುದಕ್ಕಿಂತ ಅಂಜಿಕೆಯನ್ನು ಒಪ್ಪಿಕೊಳ್ಳುವುದು ಸುಲಭವಾಗಿತ್ತು.