ಅವುವೋರಳಿಗೆ ನಿಂತ ಜಾಮೀನು

ಬೆಳಗ್ಗೆ ಚಹಾಕ್ಕೆ ಮುಂಚೆ ಫೋನ್ ನೋಡಬೇಡ ಎಂದು ಬದುಕಿದ್ದಾಗ ಅವುವೋರ್ ಗಂಡ ಒಕುಂಬೆಗೆ ಹೇಳುತ್ತಿದ್ದಳು. ಅಂದು ಅವನು ನೋಡಿಬಿಟ್ಟ. ಅವನ ನಂಬಿಕೆಯ ಅಂಕ ಎಪ್ಪತ್ತೆಂಟರಿಂದ ನಲವತ್ತೊಂದಕ್ಕೆ ಬಿದ್ದಿತ್ತು.

ಕೀನ್ಯಾದ ಕಿಸುಮು ಊರಿನಲ್ಲಿ ಈಗ ಅಂಕವಿಲ್ಲದವನನ್ನು ನಾಯಿಯೂ ಮೂಸುವುದಿಲ್ಲ. ಅಂಕ ಕೂರುವುದು ಬ್ಲಾಕ್‌ಚೈನ್ ಎಂಬ ಸರಪಳಿಯಲ್ಲಿ. ಎಲ್ಲರೂ ನೋಡಬಹುದು, ಯಾರೂ ಅಳಿಸಲಾರರು. ಅರವತ್ತಕ್ಕಿಂತ ಕೆಳಗಿನವನು ಬಾಡಿಗೆ ಬೈಕಿನಲ್ಲಿ ಶಾಲೆ ಮಕ್ಕಳನ್ನು ಕೂರಿಸುವಂತಿಲ್ಲ. ಒಕುಂಬೆಯ ಹೊಟ್ಟೆಪಾಡೇ ಶಾಲೆ ಮಕ್ಕಳು. ಅವರಲ್ಲಿ ಅವನ ಮಗಳು ಅಪಿಯೋ ಕೂಡ ಒಬ್ಬಳು.

ಶಾಲೆಯ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ.

"ಇವಳು ನನ್ನ ಮಗಳು ಕಣಯ್ಯಾ!"

"ಇರಬಹುದು. ಅಂಕ ಹಾಗನ್ನಲ್ವಲ್ಲ. ಸಂಜೆಯೊಳಗೆ ಸರಿಮಾಡ್ಕೊ, ಇಲ್ಲಾಂದ್ರೆ ಮಕ್ಕಳಿಗೆ ಬೇರೆ ಬೈಕು."

ಬೈಕ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು.

"ಯಾರಿಗೆ ಟೋಪಿ ಹಾಕಿದ್ಯೋ?" ಎಂದ ಸ್ಟ್ಯಾಂಡಿನ ಅಧ್ಯಕ್ಷ ನ್ಯಾಂಗ್ವೆಸೊ.

"ಸತ್ಯವಾಗ್ಲೂ ಯಾರಿಗೂ ಇಲ್ಲ."

"ಬೆಂಕಿಯಿಲ್ದೆ ಹೊಗೆಯಾಡುತ್ತಾ?"

ಚಹಾ ಮಾರುವ ಅಕೆಯೋ ಬೇರೆಯೇ ಕಾರಣ ಕಂಡುಹಿಡಿದಳು. "ಮೊನ್ನೆ ನನ್ನ ಚಹಾಕ್ಕೆ ಸಕ್ಕರೆ ಸಾಲ್ದು ಅಂದ್ಯಲ್ಲ, ಅದಕ್ಕೇ. ದೇವರೂ ನೋಡ್ತಾನೆ, ಸರಪಳೀನೂ ನೋಡುತ್ತೆ."

ಒಂದು ಪುಣ್ಯದ ಕೆಲಸ ಮಾಡು, ಅಂಕ ತಾನಾಗಿ ಏರುತ್ತದೆ ಎಂದು ಎಲ್ಲರೂ ಸೇರಿ ತೀರ್ಪು ಕೊಟ್ಟರು. ಹುಂಜ ಹಿಡಿದು ನಿಂತಿದ್ದ ಒಬ್ಬ ಅಜ್ಜಿಯನ್ನು ಒಕುಂಬೆ ಪುಕ್ಕಟೆಯಾಗಿ ಸಂತೆಗೆ ಒಯ್ದ. ತಿರುವಿನಲ್ಲಿ ಹುಂಜ ಹಾರಿ ಯಾರದೋ ಛಾವಣಿ ಏರಿತು. "ಕಾಸು ಬೇಡ ಅಂದಾಗ್ಲೇ ಅನುಮಾನ ಬಂತು ನಂಗೆ!" ಎಂದ ಅಜ್ಜಿ ಫೋನ್ ತೆಗೆದು ಅವನಿಗೆ ಒಂದೇ ನಕ್ಷತ್ರ ಒತ್ತಿದಳು. ಅಂಕ ಮೂವತ್ತೆಂಟಾಯಿತು.

ಮಧ್ಯಾಹ್ನ ಅವನು ಅಂಕದ ತಕರಾರು ನೋಡುವ ಅಂಗಡಿಯ ಹುಡುಗಿ ಅಮೊಂಡಿಯ ಮುಂದೆ ಕೈಮುಗಿದ. "ಕಾರಣ ಏನು ಅಂತಾದ್ರೂ ತೋರಿಸು ತಾಯಿ."

"ಅಂಕ ಎಲ್ಲರಿಗೂ ಕಾಣುತ್ತೆ ಅಣ್ಣ, ಕಾರಣ ಯಾರಿಗೂ ಕಾಣಲ್ಲ. ಅದಕ್ಕೇ ಇದನ್ನ ಪಾರದರ್ಶಕ ಅನ್ನೋದು."

ಆದರೂ ಅವಳಿಗೆ ಕನಿಕರ ಬಂತು. ಅವನು ಯಾರ್‍ಯಾರಿಗೆ 'ನಂಬಬಹುದಾದವರು' ಎಂದು ಜಾಮೀನು ನಿಂತಿದ್ದಾನೆಂದು ಸರಪಳಿಯಲ್ಲಿ ಹುಡುಕಿದಳು. "ಅವುವೋರ್ ಅನ್ನೋರು ಒಂದು ವರ್ಷದಿಂದ ಸದ್ದೇ ಇಲ್ಲ. ಊರು ಬಿಟ್ಟು ಓಡಿಹೋಗಿರ್ಬೇಕು. ಅವರಿಂದ್ಲೇ ನಿಮ್ಮ ಅಂಕ ಇಳಿದಿರೋದು ಅನ್ಸುತ್ತೆ."

"ಓಡಿಹೋಗಿಲ್ಲಮ್ಮ. ನಮ್ಮ ಮನೆ ಬಾಗಿಲಿನ ಎಡಗಡೆ ಮಣ್ಣಲ್ಲಿ ಮಲಗಿದ್ದಾಳೆ. ನನ್ನ ಹೆಂಡತಿ."

ಅಮೊಂಡಿ ಪರದೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ತಡಕಾಡಿದಳು. "ಸತ್ತೋರನ್ನ ಬರೆಸೋಕೆ ಇದ್ರಲ್ಲಿ ಜಾಗ ಇಲ್ಲ ಅಣ್ಣ. ಜಾಮೀನು ವಾಪಸ್ ತಗೊಂಡು ನೋಡಿ, ಅದೊಂದೇ ದಾರಿ."

ಮದುವೆಯ ದಿನ ಮಂದಾಜಿ ಎಂಬ ಕರಿದ ಸಿಹಿ ಬನ್ನು ಒಂದನ್ನೇ ಇಬ್ಬರೂ ಕಚ್ಚುತ್ತಾ, ಎಣ್ಣೆಗೈಯಲ್ಲೇ ಫೋನ್ ಒತ್ತಿ ಒಬ್ಬರಿಗೊಬ್ಬರು ಜಾಮೀನು ನಿಂತಿದ್ದರು. ಅವರ ಕಡೆ ಸತ್ತ ಮೇಲೂ ಹೆಂಡತಿ ಮನೆಯ ಹೆಂಡತಿಯೇ. ಒಕುಂಬೆಯ ಬೆರಳು ಮೇಲೇಳಲಿಲ್ಲ. ಆಮೇಲೆ ಗೇಟಿನಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಅಪಿಯೋ ನೆನಪಾದಳು. "ನಮ್ಮ ಮಗೂಗೋಸ್ಕರ ಕಣೇ," ಎಂದು ಗೊಣಗಿ, ಕಣ್ಣುಮುಚ್ಚಿ ಒತ್ತಿದ.

ಕಣ್ಣು ಬಿಟ್ಟಾಗ ಅಂಕ ಹನ್ನೊಂದಾಗಿತ್ತು.

"ಅಯ್ಯೋ! ಕೊಟ್ಟ ಜಾಮೀನು ಹಿಂತೆಗೆದೋರನ್ನ ಇದು ನಂಬಲ್ಲ ಅಂತ ಕಾಣುತ್ತೆ," ಎಂದ ಅಮೊಂಡಿ ಮರುಕ್ಷಣವೇ ಪರದೆಗೆ ಬಗ್ಗಿದಳು. "ನೋಡಿ ಅಣ್ಣ, ನಾವೇ ಕೈಯಾರೆ ಒತ್ತಿದ್ದಕ್ಕೆ ಕಾರಣಾನೂ ತೋರಿಸುತ್ತೆ!"

ಅವನು ಕೈಮುಗಿದು ಬೇಡಿಕೊಂಡಿದ್ದ ಕಾರಣ ಅಂಕದ ಕೆಳಗೆ, ಎಲ್ಲರಿಗೂ ಕಾಣುವಂತೆ, ಯಾರೂ ಅಳಿಸಲಾಗದಂತೆ ಮೂಡಿತ್ತು: ಒಕುಂಬೆಗೆ ತನ್ನ ಹೆಂಡತಿ ಅವುವೋರಳ ಮೇಲೆ ನಂಬಿಕೆಯಿಲ್ಲ.

ಸ್ಟ್ಯಾಂಡಿನಲ್ಲಿ ನ್ಯಾಂಗ್ವೆಸೊ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಮೊದಲೇ ಹೇಳ್ಬಾರ್ದಿತ್ತಾ ತಮ್ಮಾ? ಯಾರ ಜೊತೆ ಇದ್ಲು?"

ಸಂಜೆ ಮಗಳನ್ನು ಬೈಕಿಗೆ ಹತ್ತಿಸಲು ಕಾವಲುಗಾರ ಬಿಡಲಿಲ್ಲ. ಒಕುಂಬೆ ಬೈಕ್ ತಳ್ಳಿದ, ಅಪಿಯೋ ಪಕ್ಕದಲ್ಲಿ ನಡೆದಳು. ಅವಳಿಗೆ ಈ ವರ್ಷವಷ್ಟೇ ಓದಲು ಬಂದಿತ್ತು. ಕಾವಲುಗಾರನ ಫೋನಿನಲ್ಲಿ ಅವಳೂ ಓದಿದ್ದಳು.

"ಅಪ್ಪಾ," ಎಂದಳು, "ಅಮ್ಮ ಏನು ತಪ್ಪು ಮಾಡಿದ್ಲು?"