ಕಾಕಾ ತಿರುಗಿಸಿದ ಕಂಬ

ಎರಡು ಬಾಯಿಂದ ಕೇಳದ ಸುದ್ದಿಯನ್ನು ನಾನು ನಂಬುವುದಿಲ್ಲ. ಗೋಕಾಕದಲ್ಲಿ ವರದಿಗಾರನಾಗಿ ಸವೆಸಿದ ವರ್ಷಗಳು ಅಂಟಿಸಿದ ರೋಗ ಇದು. ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದೂ ಉಂಟು. ಹೆಂಡತಿ "ಅನ್ನ ಆಗೇತಿ" ಅಂದರೂ ಮುಚ್ಚಳ ತೆಗೆದು ನೋಡುತ್ತೇನೆ. ಊರೂರಿಗೆ ಮೊಬೈಲು ಬಂದ ಕಾಲದಲ್ಲಿ ರೋಗ ಮೇಲವಂಕಿಯ ನನ್ನ ಹೊಲಕ್ಕೂ ಹಬ್ಬಿತು.

ಘಟಪ್ರಭಾದ ಮೆಕ್ಯಾನಿಕ್ ಒಬ್ಬ ಅಲ್ಲಿ ಎರಡು ಪೆಟ್ಟಿಗೆ ಕೂಡಿಸಿದ. ಎರಡರ ಹೊಟ್ಟೆಯಲ್ಲೂ ಸಿಮ್. ಒಂದು ನೀರಿನ ಟಾಕಿಯ ಮೇಲೆ, ಇನ್ನೊಂದು ದೂರದ ಬಾವಿಯ ಮೋಟರಿನ ಬಳಿ. ಟಾಕಿ ತುಂಬಿದರೆ ಅಲ್ಲಿಯ ಪೆಟ್ಟಿಗೆ ಮೋಟರಿನ ಪೆಟ್ಟಿಗೆಗೆ ಮೆಸೇಜು ಕಳಿಸುತ್ತದೆ, ಮೋಟರು ತಾನೇ ನಿಲ್ಲುತ್ತದೆ. ಒಂದು ಪ್ರತಿ ನನಗೂ ಬರುತ್ತದೆ. ಸಿಗ್ನಲ್ಲು ಸಾಲದ್ದಕ್ಕೆ ಟಾಕಿಯ ಬದಿಯ ಕಂಬಕ್ಕೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟಿದ. "ಇದು ಟವರ್ ಕಡೆ ಅಷ್ಟ ಮಾತಾಡತೈತ್ರಿ. ಗೇಣು ತಿರುಗಿದ್ರ ಮೂಕ," ಅಂದ. ಆದರೆ ಯಂತ್ರ ಯಂತ್ರಕ್ಕೆ ಹೇಳಿದ ಮಾತಿಗೆ ಸಾಕ್ಷಿ ಯಾರು? ವಾರಕ್ಕೆರಡು ಸಲ ಹೋಗಿ, ಟಾಕಿ ಹತ್ತಿ, ಇಣುಕಿ ಬರತೊಡಗಿದೆ.

ನಾನು ಹೋಗಿ ಬಂದ ದಿನವೇ ಮೆಸೇಜು ಬರುತ್ತಿರಲಿಲ್ಲ. ಟಾಕಿ ತುಂಬಿ ಹರಿದು, ನೀರು ಬಾಜೂ ಹೊಲದ ಭರಮಣ್ಣ ಕಾಕಾನ ಗೋವಿನಜೋಳಕ್ಕೆ ನುಗ್ಗುತ್ತಿತ್ತು. ಅಪ್ಪ ತೀರಿದ ಮೇಲೆ ಮೋಟರು ಕೋಣೆಯ ಕೀಲಿ ಇಟ್ಟುಕೊಂಡು ನನ್ನ ಹೊಲ ಕಾಯುತ್ತಿದ್ದವರು ಅವರೇ. ಆದರೂ ಸುದ್ದಿಮನೆಯ ಪಾಠ ಪಾಠವೇ: ಲಾಭ ಯಾರಿಗೆ, ಮೊದಲು ಅದನ್ನು ನೋಡು. ಒಮ್ಮೆ ಟಾಕಿ ಇಣುಕಿ ಬಂದ ಮರುದಿನ ಮುಂಜಾನೆ ಹೇಳದೆ ಮತ್ತೆ ಹೋದೆ. ಕಾಕಾ ಎರಡೂ ಕೈಯಲ್ಲಿ ಕಂಬ ತಿರುಗಿಸುತ್ತಿದ್ದರು.

"ನೀರು ಬೇಕಿದ್ರ ಕೇಳಬೇಕಿತ್ತು, ಕಾಕಾ," ಅಂದೆ.

ಯಾವತ್ತೂ "ತಮ್ಮಾ" ಅನ್ನುತ್ತಿದ್ದವರು, "ಬರ್ರಿ ಸಾಹೇಬ್ರ, ನಿಮ್ಮ ನೀರು ಏನ್ ಮಾಡೇತಿ ನೋಡ್ರಿ," ಅಂದರು. ನೀರು ನಿಂತು ಜೋಳ ಹಳದಿ ಬಿದ್ದಿತ್ತು. "ಟಾಕಿ ಇಣುಕುವಾಗ ಕಂಬ ಜಗ್ಗಿ ಹಿಡೀತೀರಿ. ಅದು ತಿರುಗತೈತಿ. ನಾ ಮತ್ತ ಟವರಿಗೆ ಮಾರಿ ಮಾಡಿ ನಿಂದರಸ್ತೇನಿ. ಹೇಳಿದ್ರ ನಿಮಗ ಬ್ಯಾಸರ ಅಂತ ಸುಮ್ನಿದ್ದೆ." ಕೀಲಿ ನನ್ನ ಕೈಗಿಟ್ಟು ನಡೆದರು.

ಎರಡು ವಾರ ಮಾತಿಲ್ಲ. ತಪ್ಪು ವರದಿಗೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದ ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳುವುದು ನಮ್ಮ ಪದ್ಧತಿ. ಇದಕ್ಕೆ ಮುಖಪುಟವೇ ಬೇಕಿತ್ತು. ಮೇಲವಂಕಿಯ ಚಹಾದಂಗಡಿಯಲ್ಲಿ, ನಾಲ್ಕು ಜನರ ಎದುರು, "ಕಾಕಾಂದು ತಪ್ಪಿಲ್ಲ. ಕಂಬ ಕೆಡಿಸಿದಾಂವ ನಾನು," ಎಂದು ಹೇಳಿ ಕೋಣೆಯ ಕೀಲಿಯನ್ನು ಅವರ ಮುಂದಿಟ್ಟೆ. ಅದರ ಪಕ್ಕದಲ್ಲೇ ನನ್ನ ಬೈಕಿನ ಕೀಲಿಯೂ ಇತ್ತು.

ಕಾಕಾ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, "ಇದು ಒಂದು ಬಾಯಿ ಸುದ್ದಿ ಆತು," ಅಂದರು. "ಎರಡನೇದು ಎಲ್ಲೈತಿ?"

ಅಷ್ಟರಲ್ಲಿ ಕಿಸೆಯ ಮೊಬೈಲು ನಡುಗಿತು: ಟಾಕಿ ತುಂಬಿದೆ, ಮೋಟರು ನಿಂತಿದೆ. ಕಾಕಾ ಕೀಲಿ ಕೊಟ್ಟು ನಡೆದ ಆ ಮುಂಜಾನೆಯಿಂದ ನಾನು ಟಾಕಿ ಹತ್ತಿರಲಿಲ್ಲ. ಮೆಸೇಜು ಒಂದು ದಿನವೂ ತಪ್ಪಿರಲಿಲ್ಲ. ನನ್ನ ವಿರುದ್ಧದ ಆ ಸಾಕ್ಷಿಯನ್ನು ನಾನೇ ಅವರ ಕೈಗೆ ಕೊಟ್ಟೆ.

"ಪೆಟ್ಟಿಗಿ ಖರೆ ಹೇಳತೈತಿ, ತಮ್ಮಾ," ಅಂದರು ಕಾಕಾ. "ನೀ ದೂರ ಇದ್ರ ಸಾಕು."

ತಲೆಯಾಡಿಸಿದೆ. ಆದರೂ ಟಾಕಿ ನಿಜಕ್ಕೂ ತುಂಬಿದೆಯೋ, ಒಮ್ಮೆ ನೋಡಿಯೇ ಬರೋಣವೆಂದು ಎದ್ದೆ. ಮೇಜಿನ ಮೇಲೆ ಕೈಯಾಡಿಸಿದರೆ ಏನೂ ಸಿಗಲಿಲ್ಲ. ಕಾಕಾ ಎರಡೂ ಕೀಲಿಗಳನ್ನು ಕಿಸೆಗೆ ಹಾಕಿಕೊಂಡಿದ್ದರು.