ನೆರಳಿಲ್ಲದ ಕಂಬ

ವಿಜ್ಞಾನ ಮಾಸ್ತರ ನಿಂಗರಾಜ ಕೆಟ್ಟಿದ್ದು ಬೆಂಗಳೂರಿನ ಟೀವಿ ಚಾನೆಲ್ ನಂಬಿ. ಏಪ್ರಿಲ್ ಕೊನೆಯ ಶುಕ್ರವಾರ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಯಾವುದಕ್ಕೂ ನೆರಳಿರುವುದಿಲ್ಲ ಎಂದು ಅದು ಹೇಳಿತು. ಹೇಳಿದ್ದು ಬೆಂಗಳೂರಿನ ಮಾತು. ಇರುವವನು ಒಬ್ಬನೇ ಸೂರ್ಯ, ಸಂತೆಕಲ್ಲೂರಿಗೆ ಬೇರೆ ದಿನ ಯಾಕೆ ಬಂದಾನು ಎಂದುಕೊಂಡ ಮಾಸ್ತರ ಲೆಕ್ಕ ಹಾಕುವ ಗೋಜಿಗೆ ಹೋಗಲಿಲ್ಲ.

ಊರಲ್ಲೆಲ್ಲ ಡಂಗುರ ಸಾರಿಸಿದ. ನೆರಳಿಲ್ಲದ ಕಂಬದ ಫೋಟೋ ತೆಗೆದು ಆಕಾಶ ವೀಕ್ಷಕರ ಬಳಗಕ್ಕೆ ಕಳಿಸಬೇಕು. ಊರೂರಿನ ಜನ ನೋಡಿ, ಅಳೆದು ತುಂಬಿಸುವ ಅವರ ನಕಾಶೆಯಲ್ಲಿ ಸಂತೆಕಲ್ಲೂರೂ ಒಂದು ಚುಕ್ಕೆಯಾಗಬೇಕು. ಅದಕ್ಕಿಂತ ಹೆಚ್ಚಾಗಿ, ಮಾಸ್ತರ ಹೇಳುವುದರಲ್ಲಿ ಹುರುಳಿದೆ ಎಂದು ಊರು ಒಮ್ಮೆಯಾದರೂ ಒಪ್ಪಬೇಕು. ಪಾಪ, ಅವನಿಗಿದ್ದದ್ದು ಅದೊಂದೇ ಆಸೆ.

ವೆಲ್ಡಿಂಗ್ ಅಂಗಡಿಯ ಇಶ್ತಿಯಾಕ್ ಶಾಲೆಯ ಮೈದಾನದಲ್ಲಿ ಉದ್ದನೆಯ ಕಬ್ಬಿಣದ ಪೈಪು ನಿಲ್ಲಿಸಿ, ಬುಡಕ್ಕೆ ಕಲ್ಲು ಜಡಿದುಕೊಟ್ಟ. ಮಧ್ಯಾಹ್ನ ಜನ ತಲೆಗೆ ಟವೆಲ್ ಸುತ್ತಿಕೊಂಡು ನೆರೆದರು. ಶಾಲೆಯ ಪಕ್ಕದ ಮನೆಯ ಗದ್ದೆಮ್ಮ ಮುದುಕಿ ಎಲ್ಲರಿಗಿಂತ ಮುಂದೆ ಕೂತಳು.

ನೆರಳು ಗಿಡ್ಡಾಗುತ್ತಾ ಬಂದು ಗೇಣುದ್ದಕ್ಕೆ ನಿಂತಿತು. ಮುಂದೆ ಕರಗಲೊಲ್ಲದು.

“ಮಾಸ್ತರಪ್ಪ, ನೆಳ್ಳು ಇನ್ನಾ ಐತಲ್ಲ?” ಅಂದಳು ಗದ್ದೆಮ್ಮ.

“ತಡಿಬೇ ಯಮ್ಮ, ಹೊಕ್ಕತಿ.”

ಹೋಗಲಿಲ್ಲ. ಬದಲಿಗೆ ಮತ್ತೆ ಬೆಳೆಯುವ ಲಕ್ಷಣ ತೋರಿತು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಿಂಗರಾಜನ ಕಿವಿ ಕಾದ ಹಂಚಿನಂತಾಯಿತು. “ಕಂಬ ಜರಾ ಸೊಟ್ಟ ಐತಿ” ಎನ್ನುತ್ತಾ ಹೋಗಿ, ನೆಟ್ಟಗಿದ್ದ ಕಂಬವನ್ನು ಸೂರ್ಯನ ಕಡೆಗೆ ಚೂರು ವಾಲಿಸಿ, ಬುಡದ ಕಲ್ಲು ಬಿಗಿಮಾಡಿದ. ನೆರಳು ಮಾಯ. ಚಪ್ಪಾಳೆಯೋ ಚಪ್ಪಾಳೆ. ಇಶ್ತಿಯಾಕ್ ಫೋಟೋ ಹೊಡೆದು ಬಳಗಕ್ಕೆ ಕಳಿಸಿಯೇಬಿಟ್ಟ. ಮಾಸ್ತರ ಮಾತ್ರ ಯಾರ ಮುಖವನ್ನೂ ನೋಡಲಾರದೆ ಮನೆಗೆ ಹೋಗಿ, ನಾಚಿಕೆಯಿಂದ ಉಣ್ಣದೆ ಮಲಗಿದ.

ಸಂಜೆ ಬಳಗದ ರಾಜಶ್ರೀ ಮೇಡಂ ಸಿಂಧನೂರಿನಿಂದ ಫೋನ್ ಮಾಡಿದರು. “ಸರ್, ನಿಮ್ಮೂರು ಬೆಂಗಳೂರಿಗಿಂತ ಉತ್ತರಕ್ಕೈತಿ. ನಿಮಗ ನೆಳ್ಳು ಹೋಗೂದು ಮೇ ಮೊದಲ್ನೇ ವಾರ. ಇವತ್ತ ಹೆಂಗ ಹೋತ್ರೀ?”

ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ: “ನಮ್ಮ ಮಂದಿಯೆಲ್ಲಾ ನೋಡ್ಯಾರ್ರೀ ಮೇಡಂ.”

“ಹಂಗಾದ್ರ ಮೇ ತಿಂಗಳದಾಗ ನಾನೂ ಬಂದು ನೋಡ್ತೀನ್ರಿ.”

ಕಂಬ ಕಿತ್ತೊಗೆಯಲು ಮಾಸ್ತರ ನಸುಕಿನಲ್ಲೇ ಓಡಿದ. ಬುಡದಲ್ಲಿ ಸಿಮೆಂಟಿನ ಕಟ್ಟೆ ಎದ್ದಿತ್ತು. ಇಶ್ತಿಯಾಕ್ ಅದಕ್ಕೆ ನೀರು ಹೊಡೆಯುತ್ತಿದ್ದ.

“ನಿನ್ನೆ ಸಂಜಿಗೇ ಹಾಕಿದ್ನಿರಿ ಸರ್. ನೀವು ನಿಲ್ಸಿದ್ದು ಕೂದಲೆಳಿಯಷ್ಟೂ ಅಲ್ಲಾಡಬಾರ್ದು ನೋಡ್ರಿ.”

ಗದ್ದೆಮ್ಮ ಆಗಲೇ ಕಂಬಕ್ಕೆ ಕುಂಕುಮ ಹಚ್ಚಿ ಕೈಮುಗಿದಿದ್ದಳು. ನಿಂಗರಾಜನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮೇಡಂ ಬರುವ ದಿನ ಮೋಡವಾದರೂ ಕವಿಯಲಿ ಎಂದು ಬೇಡಿಕೊಂಡ. ಮಸ್ಕಿ ಸೀಮೆಯ ಬೇಸಿಗೆ ಆಕಾಶ ಅಂಥ ಬೇಡಿಕೆಗಳಿಗೆಲ್ಲ ಕಿವಿಗೊಡುವುದಿಲ್ಲ. ಅಂದು ಬಿಸಿಲು ಧಗಧಗ ಎನ್ನುತ್ತಿತ್ತು.

ಮೇಡಂ ಬಂದರು, ಜೊತೆಗೆ ಊರಿಗೆ ಊರೇ ಬಂತು. ಈ ಸಲ ಜನ ಒನಕೆ, ಹಾರೆ, ಕೊಡ ಎಲ್ಲ ತಂದು ಸಾಲಾಗಿ ನಿಲ್ಲಿಸಿದರು. ಹೊತ್ತು ನೆತ್ತಿಗೇರಿತು. ಒನಕೆಯ ನೆರಳು ಹೋಯಿತು, ಹಾರೆಯದು ಹೋಯಿತು, ನೋಡಲು ನಿಂತ ಮೇಕೆಯದೂ ಹೊಟ್ಟೆಯ ಕೆಳಗೆ ಸೇರಿತು. ಮಾಸ್ತರನ ಕಂಬದ ಬುಡದಲ್ಲಿ ಮಾತ್ರ ಗೇಣುದ್ದದ ಕಪ್ಪು ನೆರಳು ಆರಾಮಾಗಿ ಮಲಗಿತ್ತು.

“ಎಲ್ಲಾ ನೆಟ್ಟಗದಾವು, ಇದೊಂದು ವಾಲೈತಿ. ಯಾರರೆ ಮುಟ್ಟಿದ್ರೇನ್ರಿ?” ಎಂದು ಮೇಡಂ ಮೆಲ್ಲಗೆ ಕೇಳಿದರು.

ಈಗಲಾದರೂ ಹೇಳಿಬಿಡೋಣ ಎಂದು ನಿಂಗರಾಜ ಬಾಯಿ ತೆರೆದ. ತನ್ನ ಮಾಸ್ತರನ ಮೇಲೆ ಆರೋಪ ಬಂತೆಂದು ಇಶ್ತಿಯಾಕ್ ಅಡ್ಡ ಬಂದೇಬಿಟ್ಟ.

“ಯಾರೂ ಮುಟ್ಟಿಲ್ರೀ ಮೇಡಂ. ನಾ ನಿಲ್ಸಿದಾಗ ನೆಟ್ಟಗ ಇತ್ರಿ. ಆಮ್ಯಾಲೆ ನಮ್ಮ ಸರ್ ಒಬ್ರೇ, ತಮ್ಮ ಕೈಯಾರೆ ಹಿಡಿದು ಸರಿ ಮಾಡಿದ್ರು. ಬೇಕಾದ್ರ ಊರಾಗ ಯಾರನ್ನರೆ ಕೇಳ್ರಿ.”

“ಖರೇ ಐತಿ ನೋಡವ್ವ. ನಾ ಮುಂದ ಕುಂತು ನೋಡೀನಿ,” ಅಂದಳು ಗದ್ದೆಮ್ಮ.

ಮೇಡಂ ನಿಂಗರಾಜನತ್ತ ತಿರುಗಿದರು. ಅವನು ತಲೆ ತಗ್ಗಿಸಿದ. ತನ್ನ ನೆರಳನ್ನಾದರೂ ನೋಡುತ್ತಾ ನಿಲ್ಲೋಣವೆಂದರೆ, ಆ ಹೊತ್ತಿಗೆ ಅದೂ ಇರಲಿಲ್ಲ.